ಕನಸಿನೊಳಗೆ ಎಚ್ಚರಾದ ಮಕ್ಕಳಿಗೆ

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿದುಬಿಡುವುದು ರೋಗವಲ್ಲ, ಸಿದ್ಧಿಯೂ ಅಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಈ ವಿಷಯ ಹಿಡಿದು ನನ್ನ ಬಳಿ ಬರುವ ಹುಡುಗ ಹುಡುಗಿಯರಲ್ಲಿ ಹಲವರು ಹೆದರಿಕೊಂಡು ಬರುತ್ತಾರೆ, ಕೆಲವರು ಏನೋ ದೊಡ್ಡದನ್ನು ಗೆದ್ದವರಂತೆ ಬರುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಪಾಠ ಮಾಡಿದ್ದರಿಂದ ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಗವಿಮಠದ ಜಾತ್ರೆಯಲ್ಲಿ ಸಿಗುತ್ತಲೇ ಇರುತ್ತಾರೆ. ಬೇರೆ ಮಾತೆಲ್ಲ ಮುಗಿದ ಮೇಲೆ, ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: “ಸರ್, ರಾತ್ರಿ ಕನಸಿನ್ಯಾಗ ಇದು ಕನಸು ಅಂತ ನನಗ ಗೊತ್ತಾತ್ರಿ. ನನಗೇನರ ಆಗೇತೇನ್ರಿ?”

ಏನೂ ಆಗಿಲ್ಲ, ತಮ್ಮಾ. ನಿನ್ನಂಥವರು ಬಹಳ ಮಂದಿ ಇದ್ದಾರೆ. 50 ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಕಂಡವರು ಸುಮಾರು 55% ಎಂದು ಕಂಡುಬಂತು. ತಿಂಗಳಿಗೊಮ್ಮೆಯೋ ಅದಕ್ಕಿಂತ ಹೆಚ್ಚಾಗಿಯೋ ಕಾಣುವವರು 23%. ಅಂದರೆ ನಿಮ್ಮ ತರಗತಿಯ ಒಂದು ಬೆಂಚಿನಲ್ಲಿ ನಾಲ್ವರು ಕೂತಿದ್ದರೆ ಇಬ್ಬರಿಗೆ ಇದು ಆಗಿರಬಹುದು. ಹೇಳಿಕೊಂಡಿರಲಿಕ್ಕಿಲ್ಲ, ಅಷ್ಟೆ.

ಹೇಳಿಕೊಂಡವರಲ್ಲಿ ಬಹಳ ಹಿಂದಿನವನೊಬ್ಬನ ಮಾತು ನನಗೆ ಇಷ್ಟ. ಫ್ರೆಡರಿಕ್ ವಾನ್ ಈಡನ್ ಎಂಬ ಡಚ್ ವೈದ್ಯ. ಸಾಹಿತಿಯೂ ಹೌದು. 1898ರಿಂದ 1912ರವರೆಗೆ ತಾನು ಕಂಡ ಇಂಥ 352 ಕನಸುಗಳನ್ನು ಬರೆದಿಟ್ಟು, 1913ರಲ್ಲಿ ಅವುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಹಾರಿದ್ದನ್ನು, ಸತ್ತವರನ್ನು ಕಂಡು ಮಾತಾಡಿದ್ದನ್ನು ಬರೆದ. ಒಂದು ಕನಸಿನಲ್ಲಿ, ಇದು ನಿಜವೋ ಅಲ್ಲವೋ ನೋಡೋಣ ಎಂದು ಗಾಜಿನ ಲೋಟಕ್ಕೆ ಗುದ್ದುತ್ತಾನೆ. ಲೋಟ ಒಡೆಯುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಒಡೆದು ಬಿದ್ದಿರುತ್ತದೆ. ಇಂಥ ಚಿಕ್ಕ ವಿವರವನ್ನು ಯಾರೂ ಸುಳ್ಳು ಹುಟ್ಟಿಸಿ ಬರೆಯುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಕನಸು ಕಂಡವನಿಗಷ್ಟೇ ಆ ತಡ ಗೊತ್ತಿರುತ್ತದೆ. ಯಲಬುರ್ಗಾ ಕಡೆಯ ಒಬ್ಬ ಹುಡುಗಿ ಹೇಳಿದ್ದೂ ಹೀಗೇ ಇತ್ತು: ಕನಸಿನಲ್ಲಿ ಲೈಟಿನ ಸ್ವಿಚ್ ಒತ್ತಿದಳು, ದೀಪ ಹತ್ತಲಿಲ್ಲ, ಮತ್ತೆ ಒತ್ತಿದಳು, ಹತ್ತಲಿಲ್ಲ. ಕರೆಂಟ್ ಹೋಗಿದೆ ಎಂದುಕೊಂಡರೆ ಪಕ್ಕದಲ್ಲಿ ಫ್ಯಾನ್ ತಿರುಗುತ್ತಿದೆ. ಆಗ ತಿಳಿಯಿತಂತೆ. ಕನಸಿನಲ್ಲಿ ಸ್ವಿಚ್ ಕೆಲಸ ಮಾಡುವುದಿಲ್ಲವೆಂದು ಹಲವು ದೇಶಗಳವರು ಹೇಳಿದ್ದಾರೆ. ಆ ಹುಡುಗಿ ಅದನ್ನು ಎಲ್ಲಿಯೂ ಓದಿರಲಿಲ್ಲ.

ಬರೀ ಬಾಯಿಮಾತನ್ನು ನಂಬಬೇಕೆ ಎಂದು ವಿಜ್ಞಾನಿಗಳೂ ಬಹಳ ಕಾಲ ಅನುಮಾನಿಸಿದರು. ನಿದ್ದೆಯಲ್ಲಿದ್ದವನಿಗೆ ಅರಿವಿರುವುದು ಸಾಧ್ಯವೇ ಇಲ್ಲ, ಅವನು ಅರೆಗಳಿಗೆ ಎಚ್ಚರಾಗಿರಬೇಕು ಎಂದೇ ವಾದಿಸಿದರು. ಅದಕ್ಕೆ ಉತ್ತರ ಸಿಕ್ಕಿದ ಬಗೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಮೈ ಜುಂ ಎನ್ನುತ್ತಿತ್ತು. ಕನಸು ದಟ್ಟವಾಗಿ ಬೀಳುವ ಹೊತ್ತಿನಲ್ಲಿ ನಮ್ಮ ಕೈಕಾಲುಗಳ ಸ್ನಾಯುಗಳನ್ನು ಮಿದುಳು ಸಡಿಲಬಿಟ್ಟು ಕಟ್ಟಿಹಾಕಿರುತ್ತದೆ. ಕಣ್ಣುಗುಡ್ಡೆಗಳು ಮಾತ್ರ ರೆಪ್ಪೆಯೊಳಗೆ ಓಡಾಡುತ್ತಿರುತ್ತವೆ. ಈ ನಿದ್ದೆಯನ್ನು 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ್ದರು. ಕಣ್ಣು ಸ್ವತಂತ್ರವಾಗಿದೆಯಲ್ಲ, ಅದರಿಂದಲೇ ಸಂಕೇತ ಕಳಿಸಿದರಾಯಿತು ಎಂದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್‌ಗೆ ಹೊಳೆಯಿತು. 1975ರಲ್ಲಿ ಆಲನ್ ವರ್ಸ್ಲಿ ಎಂಬಾತ ಪ್ರಯೋಗಾಲಯದಲ್ಲಿ ಮಲಗಿ, ಕನಸಿನೊಳಗೆ ಅರಿವು ಬಂದೊಡನೆ, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದ. ಯಂತ್ರದ ಕಾಗದದ ಮೇಲೆ ಗೆರೆ ಮೂಡಿತು. ಆಚೆ ಅಮೆರಿಕದಲ್ಲಿ ಸ್ಟೀಫನ್ ಲಾಬರ್ಜ್ ಇದನ್ನೇ ಸ್ವತಂತ್ರವಾಗಿ ಸಾಧಿಸಿ, ಮುಂದೆ ಇದಕ್ಕೇ ಜೀವನ ಕೊಟ್ಟ. 2021ರಲ್ಲಂತೂ ನಾಲ್ಕು ದೇಶಗಳ ಪ್ರಯೋಗಾಲಯಗಳವರು ನಿದ್ದೆಯಲ್ಲಿದ್ದವರಿಗೆ ಲೆಕ್ಕ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದರೆ, ಮಲಗಿದ್ದವನು ಕಣ್ಣನ್ನು ಎರಡು ಸಲ ಹೊರಳಿಸಿದ. 158 ಸಲ ಕೇಳಿದ್ದರಲ್ಲಿ ಸರಿಯುತ್ತರ ಬಂದದ್ದು ಸುಮಾರು 18%, ಬಹುಪಾಲು ಸಲ ಉತ್ತರವೇ ಬರಲಿಲ್ಲ. ಈ ಕೊನೆಯ ಮಾತನ್ನೂ ನೆನಪಿಡಿ. ಇದನ್ನೇ ಅಭ್ಯಾಸ ಮಾಡಿದವರಿಗೂ, ಪ್ರಯೋಗಾಲಯದಲ್ಲಿ ಕೂಡ, ಇದು ಕೈಗೆ ಸಿಕ್ಕಿ ಜಾರುವಂಥದ್ದು. ‘ನಾನು ದಿನಾ ರಾತ್ರಿ ಬೇಕಾದ ಕನಸು ಕಾಣುತ್ತೇನೆ’ ಎನ್ನುವವರ ಮುಂದೆ ನೀವು ಸಣ್ಣವರಾಗಬೇಕಿಲ್ಲ.

ನಮ್ಮ ಕಡೆ ಇದು ಯಾರಿಗೆ ಹೆಚ್ಚು ಆಗುತ್ತದೆ ಎಂದು ಗಮನಿಸುತ್ತ ಬಂದಿದ್ದೇನೆ. ಕುಷ್ಟಗಿ ಕಡೆ ಬೋರ್‌ವೆಲ್ ನಂಬಿ ದಾಳಿಂಬೆ ಹಾಕಿದ ಮನೆಗಳ ಹುಡುಗರು. ತ್ರೀಫೇಸ್ ಕರೆಂಟ್ ರಾತ್ರಿ ಕೊಟ್ಟರೆ ಎರಡು ಗಂಟೆಗೆ ಎದ್ದು ಹೋಗಿ ಮೋಟಾರ್ ಹಚ್ಚಿ, ನೀರು ತಿರುವಿ, ನಾಲ್ಕಕ್ಕೆ ಬಂದು ಮತ್ತೆ ಮಲಗುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡುವವರು. ಕೊಪ್ಪಳದಲ್ಲಿ ರೂಮು ಮಾಡಿಕೊಂಡು ನೀಟ್‌ಗೋ ಪೊಲೀಸ್ ಪರೀಕ್ಷೆಗೋ ಓದುವವರು, ಬೆಳಗಿನ ಜಾವ ಅಲಾರಾಂ ಇಟ್ಟು ಎದ್ದು, ಒಂದು ಪಾಠ ಓದಿ, ಮತ್ತೆ ಉರುಳಿಕೊಳ್ಳುವವರು. ಇದರ ಹಿಂದೆ ಮಾಟವಿಲ್ಲ. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢನಿದ್ದೆ ಹೆಚ್ಚು, ಬೆಳಗು ಹತ್ತಿರವಾದಂತೆ ಕನಸಿನ ನಿದ್ದೆ ಉದ್ದವಾಗುತ್ತದೆ. ನಡುವೆ ಎದ್ದು ತಲೆ ಚುರುಕಾದವನು ಮತ್ತೆ ಮಲಗಿದರೆ ಬೇಗನೆ ಕನಸಿನ ನಿದ್ದೆಗೆ ಜಾರಬಹುದು, ಚುರುಕುತನದ ಒಂದಿಷ್ಟು ಉಳಿಕೆಯನ್ನು ಜೊತೆಗೆ ಒಯ್ಯುತ್ತಾನೆ. ಇಂಥ ಕನಸನ್ನು ಬರಿಸಿಕೊಳ್ಳಲು ಹೊರದೇಶದವರು ಬೇಕೆಂದೇ ಮಾಡುವ ಅಭ್ಯಾಸವೂ ಇದೇ. ನಮ್ಮ ಹುಡುಗರಿಗೆ ಅದನ್ನು ವಿದ್ಯುತ್ ಕಂಪನಿಯ ವೇಳಾಪಟ್ಟಿ ಮಾಡಿಸುತ್ತಿದೆ.

ಹೀಗೆ ನಡುನಿದ್ದೆ ಮುರಿಯುವವರಿಗೆ ಇನ್ನೊಂದು ಅನುಭವ ಆಗುತ್ತದೆ. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಅದರಿಂದ ನರಳುವವರನ್ನು ನೋಡಿದ್ದೇನೆ. “ಯಾರೋ ಎದಿ ಮ್ಯಾಲ ಕುಂತಂಗ ಆತ್ರಿ. ಕಣ್ಣು ತೆರದಿದ್ವು, ಮಾಳಗಿ ಕಾಣಾಕತ್ತಿತ್ತು, ಒದರಾಕ ಬಾಯಿ ಬರಲಿಲ್ಲ.” ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಗಟ್ಟಿಮುಟ್ಟಾದ ಯುವಕ ಇದನ್ನು ಹೇಳುವಾಗ ಹಗಲಿನಲ್ಲಿಯೂ ಬೆವರಿದ್ದ. ಮನೆಯವರು ತಾಯತ ಕಟ್ಟಿಸಿದ್ದರು, ದಿಂಬಿನ ಕೆಳಗೆ ಕುಡಗೋಲು ಇಟ್ಟಿದ್ದರು. ಅವನ ಭಯ ಹೆಚ್ಚಿತೇ ಹೊರತು ಇಳಿಯಲಿಲ್ಲ. ಇವತ್ತು ಬರುತ್ತದೋ ಏನೋ ಎಂದು ಮಲಗಲು ಹೆದರುತ್ತಿದ್ದ, ನಿದ್ದೆ ಇನ್ನಷ್ಟು ಕೆಡುತ್ತಿತ್ತು, ಕೆಟ್ಟ ನಿದ್ದೆಯಿಂದ ಅದು ಮತ್ತೆ ಬರುತ್ತಿತ್ತು.

ಆಗ ಆಗುವುದು ಇಷ್ಟೇ. ಕನಸಿನ ನಿದ್ದೆಯಲ್ಲಿ ಕೈಕಾಲು ಕಟ್ಟಿರುತ್ತವೆ ಎಂದೆನಲ್ಲ, ಆ ಕಟ್ಟು ಬಿಚ್ಚುವ ಮೊದಲೇ ಮನಸ್ಸು ಎಚ್ಚರಾಗಿಬಿಟ್ಟಿದೆ. ಕಣ್ಣು ಕೋಣೆಯನ್ನು ನೋಡುತ್ತಿದೆ, ಕನಸು ಇನ್ನೂ ಪೂರ್ತಿ ಮುಗಿದಿಲ್ಲ. ಎರಡೂ ಬೆರೆತಾಗ ಬಾಗಿಲಲ್ಲಿ ನೆರಳು ಕಾಣುತ್ತದೆ, ಎದೆ ಭಾರವಾಗುತ್ತದೆ. ಉಸಿರನ್ನು ಬೇಕೆಂದು ಜೋರಾಗಿ ಎಳೆದುಕೊಳ್ಳಲು ಆ ಕ್ಷಣ ಸಾಧ್ಯವಾಗದ್ದರಿಂದ ಯಾರೋ ಒತ್ತಿದಂತೆ ಅನ್ನಿಸುತ್ತದೆ, ಆದರೆ ಉಸಿರಾಟ ತನ್ನಷ್ಟಕ್ಕೆ ನಡೆದೇ ಇರುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಪ್ರಾಣಕ್ಕೆ ಅಪಾಯವಿಲ್ಲ. ಹಲವು ದೇಶಗಳ ಸಮೀಕ್ಷೆಗಳನ್ನು ಕೂಡಿಸಿ 2011ರಲ್ಲಿ ನೋಡಿದಾಗ, ವಿದ್ಯಾರ್ಥಿಗಳಲ್ಲಿ ಸುಮಾರು 28% ಮಂದಿಗೆ ಒಮ್ಮೆಯಾದರೂ ಇದು ಆಗಿತ್ತು, ಸಾಮಾನ್ಯ ಜನರಲ್ಲಿ ಸುಮಾರು 8%. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು. ಆದಾಗ ಮೈಯೆಲ್ಲ ಕೊಡವಿ ಏಳಲು ಹೋಗಬೇಡಿ, ಭಯ ಹೆಚ್ಚುತ್ತದೆ. ‘ಇದು ನಿದ್ದೆಯ ಬಾಲ, ಈಗ ಬಿಡುತ್ತದೆ’ ಎಂದುಕೊಂಡು ಒಂದು ಬೆರಳಿನ ತುದಿ, ಇಲ್ಲವೇ ನಾಲಿಗೆ ಆಡಿಸಲು ನೋಡಿ. ಮಗ್ಗುಲಾಗಿ ಮಲಗಿ. ಆ ಯುವಕ ಪಾಳಿ ಬದಲಿಸಿಕೊಂಡು, ಮಗ್ಗುಲಾಗಿ ಮಲಗಲು ರೂಢಿಸಿಕೊಂಡ ಮೇಲೆ ಅದು ವಿರಳವಾಯಿತು. ತಾಯತ ಇನ್ನೂ ಕಟ್ಟಿಕೊಂಡಿದ್ದಾನೆ. ಅದನ್ನು ತೆಗೆ ಎಂದು ನಾನೇನೂ ಹೇಳಲಿಲ್ಲ. ತಾಯಿ ಕಟ್ಟಿದ್ದು, ಇರಲಿ.

ಇನ್ನು ಹಾರುವವರ ಮಾತು. ಕನಸೆಂದು ತಿಳಿದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಹಾರುವುದೇ. ಅಂಜನಾದ್ರಿಯ ಮೆಟ್ಟಿಲು ಹತ್ತದೆ ಮೇಲೆ ಹೋದೆ, ಮುನಿರಾಬಾದಿನ ಡ್ಯಾಮಿನ ಮೇಲೆ ತೇಲಿದೆ, ತುಂಗಭದ್ರೆ ಕೆಳಗೆ ದಾರದಷ್ಟು ಕಂಡಿತು ಎಂದು ಹೇಳುತ್ತಾರೆ. ಕೇಳಲು ಸಂತೋಷವಾಗುತ್ತದೆ. ಹಾರಿ, ಯಾರು ಬೇಡವೆಂದರು? ಆದರೆ ಅಲ್ಲಿಂದ ಮುಂದಕ್ಕೆ ಆಸೆ ಹೋಗುವ ದಿಕ್ಕು ನನಗೆ ಹಿಡಿಸುವುದಿಲ್ಲ. ಕನಸನ್ನು ಆಳಬೇಕು, ಬೇಕಾದವರನ್ನು ಕರೆಸಬೇಕು, ಬೇಡವಾದವರನ್ನು ಅಳಿಸಬೇಕು, ದಿನಾ ಬರಬೇಕು. ಹೀಗೆ ಹಟಕ್ಕೆ ಬಿದ್ದವರು ಆಮೇಲೆ ಹೇಳುವುದು ಒಂದೇ: ಹಿಗ್ಗಿದ ಕೂಡಲೇ ಎಚ್ಚರಾಯಿತು, ಹಿಡಿದದ್ದು ಜಾರಿತು.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದಲ್ಲಿ ರಾಮಾಯಣ ಮಹಾಭಾರತ ಆಡಿಸುತ್ತ ಬಾಳು ಕಳೆದ ಹಿರಿಯ ಜೀವ. ಅವರ ಮನೆತನದವರ ಆಟ ನೋಡಿದವರಿಗೆ ನಾನು ಹೇಳುವುದು ಸುಲಭವಾಗಿ ತಿಳಿಯುತ್ತದೆ. ಪರದೆಯ ಹಿಂದೆ ದೀಪವಿದೆ, ಬಣ್ಣ ಬಳಿದ ತೊಗಲಿದೆ, ಕೋಲು ಹಿಡಿದ ಕೈಯಿದೆ ಎಂದು ಎದುರು ಕೂತವರಿಗೆಲ್ಲ ಗೊತ್ತು. ಗೊತ್ತಿದ್ದೂ ಸೀತೆ ಅಳುವಾಗ ಕಣ್ಣು ಒದ್ದೆಯಾಗುತ್ತದೆ. ಯಾರೂ ಎದ್ದುಹೋಗಿ ಪರದೆ ಸರಿಸಿ ಗೊಂಬೆ ಕಿತ್ತುಕೊಳ್ಳುವುದಿಲ್ಲ. ಕನಸಿನೊಳಗೆ ಎಚ್ಚರಾದಾಗಲೂ ಹಾಗೆ ಕೂತು ನೋಡುವುದನ್ನು ಕಲಿಯಿರಿ. ಗೋಡೆ ಮುಟ್ಟಿ ನೋಡಿ, ಒರಟಾಗಿದೆಯೇ? ಎದುರಿಗಿದ್ದವರನ್ನು ಕೇಳಿ, ನೀವು ಯಾರು? ಅವರು ಏನೆನ್ನುತ್ತಾರೋ ಕೇಳಿಸಿಕೊಳ್ಳಿ. ನಿಮ್ಮ ಮನಸ್ಸು ನಿಮಗೇ ಗೊತ್ತಿಲ್ಲದಂತೆ ಇಷ್ಟೊಂದು ಊರು, ಇಷ್ಟೊಂದು ಮುಖ ಕಟ್ಟಬಲ್ಲದು ಎಂಬುದನ್ನು ಒಳಗೇ ನಿಂತು ನೋಡುವ ಅವಕಾಶ ಅದು. ಆಳಲು ಹೊರಟರೆ ಆ ಅವಕಾಶ ಕೆಡುತ್ತದೆ.

ಸತ್ತವರು ಬರುವ ಕನಸು ಬೇರೆಯೇ. ಬಹಳ ಮಂದಿಗೆ ಅರಿವು ಹುಟ್ಟುವುದೇ ಅಲ್ಲಿ. ಅಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾನೆ, ಮಗ ನೀರು ತಂದು ಕೊಡುತ್ತಾನೆ, ಆಮೇಲೆ ಎಲ್ಲೋ ಒಳಗೆ ‘ಅಪ್ಪ ಹೋಗಿ ಎರಡು ವರ್ಷವಾಯಿತಲ್ಲ’ ಎಂದು ನೆನಪಾಗುತ್ತದೆ. ಅದೇ ಕ್ಷಣ ಕನಸು ಕನಸೆಂದು ತಿಳಿಯುತ್ತದೆ. ಒಬ್ಬ ಹುಡುಗ ಇದನ್ನು ಹೇಳಿ, “ಗೊತ್ತಾದ ಮ್ಯಾಲೂ ಎದ್ದು ಬರಾಕ ಮನಸ್ಸಾಗಲಿಲ್ರಿ, ಹಂಗ ಬಾಜೂಕ ಕುಂತೆ” ಎಂದ. ಸರಿಯಾದದ್ದನ್ನೇ ಮಾಡಿದೆ, ಮಗಾ. ಅಪ್ಪ ಏನೋ ಬೇಡಲು ಬಂದಿದ್ದಾನೆ ಎಂದು ಮನೆಯಲ್ಲಿ ಹಿರಿಯರು ಹೇಳಿದರೆ ಎಡೆ ಇಡಲಿ, ಅದು ಅವರ ಪ್ರೀತಿ. ಆದರೆ ಸಾಲ ಮಾಡಿ ಶಾಂತಿ ಮಾಡಿಸುವ ಹಂತಕ್ಕೆ ಹೋಗಬೇಡಿ. ಆ ಕನಸನ್ನು ಕಟ್ಟಿದ್ದು ನಿನ್ನ ನೆನಪು. ನಿನ್ನೊಳಗೆ ಅಪ್ಪ ಅಷ್ಟು ಸ್ಪಷ್ಟವಾಗಿ ಇದ್ದಾನೆ ಎಂಬುದಕ್ಕೆ ಹೆದರಬೇಕೇಕೆ?

ಕೆಟ್ಟ ಕನಸು ಮತ್ತೆ ಮತ್ತೆ ಬೀಳುವವರಿಗೆ ಈ ಅರಿವು ನಿಜವಾಗಿ ಉಪಕಾರಿ. ನಮ್ಮ ಒಣಬೇಸಾಯದ ಹಳ್ಳಿಗಳಿಂದ ಗುಳೆ ಹೋಗುವ ಮನೆಗಳ ಮಕ್ಕಳಲ್ಲಿ ಇದನ್ನು ಕಂಡಿದ್ದೇನೆ. ತಾಯಿತಂದೆಯ ಜೊತೆ ದೂರದ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಬಂದ ಒಬ್ಬಳು, ಮೇಲಿನ ಅಂತಸ್ತಿನಿಂದ ತಮ್ಮ ಬೀಳುವ ಕನಸನ್ನೇ ಕಾಣುತ್ತಿದ್ದಳು. ತಮ್ಮ ಊರಲ್ಲಿ ಆರಾಮಾಗಿದ್ದಾನೆ, ಕನಸು ಮಾತ್ರ ಬಿಡುತ್ತಿಲ್ಲ. ವೈದ್ಯರು ಇಂಥದ್ದಕ್ಕೆ ಬಳಸುವ ಒಂದು ಸರಳ ವಿಧಾನವಿದೆ, ಅದು ಉಪಯೋಗಕ್ಕೆ ಬರುತ್ತದೆಂದು ತೋರಿಸಿದ ಬ್ಯಾರಿ ಕ್ರಾಕೋ ಅವರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹಗಲು ಹೊತ್ತು ಆ ಕನಸನ್ನು ಬೇರೆ ಮುಕ್ತಾಯ ಕೊಟ್ಟು ಬರೆಯುವುದು, ಆ ಹೊಸ ಕಥೆಯನ್ನು ದಿನಾ ಸ್ವಲ್ಪ ಹೊತ್ತು ಕಣ್ಮುಚ್ಚಿ ನೋಡಿಕೊಳ್ಳುವುದು. ಅವಳು ತಮ್ಮನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು, ಕಥೆಯಲ್ಲಿ. ಕೆಲವು ವಾರ ಕಳೆದ ಮೇಲೆ ಕನಸಿನೊಳಗೇ ‘ಇದು ಅದೇ ಕನಸು’ ಎಂದು ತಿಳಿದು, ಹೆದರದೆ ಕೆಳಗಿಳಿದು ಬಂದೆ ಎಂದಳು. ಎಲ್ಲರಿಗೂ ಇಷ್ಟು ಬೇಗ ಆಗುವುದಿಲ್ಲ. ಆದರೆ ಕನಸು ತನ್ನ ಮೇಲೆ ಬೀಳುವ ಕಲ್ಲಲ್ಲ ಎಂದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಈಗ ಬಿರುಸಾಗಿಯೇ ಹೇಳಬೇಕಾದ ಮಾತು. ಇದಕ್ಕಾಗಿ ನಿದ್ದೆಯನ್ನು ಬಲಿ ಕೊಡಬೇಡಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ದೊಡ್ಡವರಿಗೆ ಕನಿಷ್ಠ 7. ಬೇಕೆಂದೇ ನಡುರಾತ್ರಿ ಅಲಾರಾಂ ಇಟ್ಟು ದಿನಾ ಎದ್ದರೆ ಕನಸು ಸಿಕ್ಕೀತು, ಹಗಲು ಕಳೆದುಹೋಗುತ್ತದೆ. ಫೋನಿನ ಜಾಹೀರಾತು ನೋಡಿ ಮಾತ್ರೆ ತರಿಸಿಕೊಳ್ಳಬೇಡಿ. ಇದಕ್ಕೆಂದು ಕೆಲವರು ನುಂಗುವ ಗ್ಯಾಲಂಟಮಿನ್ ಮರೆವಿನ ರೋಗದವರಿಗೆ ವೈದ್ಯರು ಕೊಡುವ ಔಷಧ, ಅದು ಆಟದ ಸಾಮಾನಲ್ಲ. ಇದು ಕನಸೋ ಎಚ್ಚರವೋ ಎಂದು ಪರೀಕ್ಷಿಸುವುದಾದರೆ ಓದಿ ನೋಡಿ. ಗೋಡೆಯ ಮೇಲಿನ ಬರಹ ಓದಿ, ಕಣ್ಣು ಬೇರೆ ಕಡೆ ಹೊರಳಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ ಹೆಚ್ಚಾಗಿ ಬದಲಾಗಿರುತ್ತದೆ. ಇಲ್ಲವೇ ಮೂಗು ಹಿಡಿದು ಉಸಿರಾಡಿ ನೋಡಿ, ಕನಸಿನಲ್ಲಿ ಉಸಿರು ಬರುತ್ತದೆ. ಮಾಳಿಗೆಯಿಂದ, ಕಾಲುವೆಯ ಸೇತುವೆಯಿಂದ, ಬಾವಿಯ ಕಟ್ಟೆಯಿಂದ ಜಿಗಿದು ಪರೀಕ್ಷಿಸುವ ಯೋಚನೆ ಕನಸಿನಲ್ಲಿಯೂ ಬೇಡ. ಆ ರೂಢಿ ಎಚ್ಚರದ ಗಳಿಗೆಯಲ್ಲಿ ಬರಬಾರದು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೇ ಮಲಗುವವರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಹಿರಿಯರು ಕನಸಿನ ಈ ಸಂಗತಿಯನ್ನು ಅರಿಯದವರಲ್ಲ. ಕನಸನ್ನು ದೈವದ ಸಂದೇಶವೆಂದು ಕಂಡ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಶ್ರವಣಬೆಳಗೊಳದ ಚಾವುಂಡರಾಯನ ಐತಿಹ್ಯವಿದೆ, ನಮ್ಮ ಕೊಪ್ಪಳ ಕೊಪಣವೆಂಬ ಜೈನತೀರ್ಥವಾಗಿ ಬೆಳಗಿದ ಕಾಲದಲ್ಲಿ ಇಲ್ಲಿಯ ಬಸದಿಗಳಲ್ಲಿ ತೀರ್ಥಂಕರರ ತಾಯಂದಿರ ಹದಿನಾರು ಕನಸುಗಳ ಕಥೆಯನ್ನು ಹೇಳುತ್ತಲೇ ಇದ್ದಿರಬೇಕು. ಅದರ ಜೊತೆಗೇ ಕನಸನ್ನು ಅರಿವಿನ ಒಂದು ಸ್ಥಿತಿಯೆಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕನಿಗೆ, ಕನಸಿನ ದಾರಿಗಳನ್ನೂ ಕೊಳಗಳನ್ನೂ ಕಟ್ಟುವವನು ಕಾಣುವವನೇ ಎಂದು ವಿವರಿಸುತ್ತಾನೆ. ಮಾಂಡೂಕ್ಯವು ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಇಟ್ಟುಕೊಂಡು ಅವುಗಳಾಚೆಯ ನಾಲ್ಕನೆಯದನ್ನು ಹುಡುಕುತ್ತದೆ. ಟಿಬೆಟಿನ ಬೌದ್ಧರಲ್ಲಿ ಕನಸಿನೊಳಗೆ ಎಚ್ಚರಿರುವುದೇ ಒಂದು ಯೋಗಸಾಧನೆ, ನಾರೋಪನ ಆರು ಯೋಗಗಳಲ್ಲಿ ಒಂದು. ಅವರ ದೊಡ್ಡ ಮಠಗಳು ನಮ್ಮದೇ ರಾಜ್ಯದ ಮುಂಡಗೋಡಿನಲ್ಲಿ, ಬೈಲಕುಪ್ಪೆಯಲ್ಲಿ ಇವೆ. ಅವರಲ್ಲಿ ಇದು ಗುರುವಿನಿಂದ, ವರ್ಷಗಳ ಧ್ಯಾನದ ಬೆನ್ನಿಗೆ ಬರುವ ಸಾಧನೆ, ಮೋಜಿಗೆ ಮಾಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ವಿಪಸ್ಸನ ಧ್ಯಾನಿಗಳ ನಿದ್ದೆಯನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಗಾಢನಿದ್ದೆಯೂ ಕನಸಿನ ನಿದ್ದೆಯೂ ಧ್ಯಾನ ಮಾಡದವರಿಗಿಂತ ಹೆಚ್ಚಾಗಿರುವುದು ಕಂಡಿತು. ನನಗೆ ಇದರಲ್ಲಿ ಹಿಡಿಸುವುದು ಇಷ್ಟು: ಹಗಲಿನಲ್ಲಿ ಮನಸ್ಸನ್ನು ನೋಡಿಕೊಳ್ಳುವ ರೂಢಿ ರಾತ್ರಿಗೂ ಒದಗುತ್ತದೆ. ಹಗಲೆಲ್ಲ ಫೋನಿನಲ್ಲಿ ಮೈಮರೆತವನು ರಾತ್ರಿ ಕನಸಿನಲ್ಲಿ ಎಚ್ಚರಾಗಬೇಕೆಂದರೆ ಹೇಗೆ?

ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಕಂಡದ್ದನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ. ಅವ್ವ ಬೈದದ್ದು ಹೇಗಿತ್ತೋ ಹಾಗೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಸಿನಿಮಾದಂತೆ ಚಂದ ಮಾಡಬೇಡಿ. ಬರೆಯುತ್ತ ಹೋದರೆ ಕನಸು ಹೆಚ್ಚು ನೆನಪುಳಿಯುತ್ತದೆ, ಮತ್ತೆ ಮತ್ತೆ ಬರುವ ಜಾಗ, ಮುಖ, ಭಯ ಯಾವುದೆಂದು ನಿಮಗೇ ಕಾಣಿಸತೊಡಗುತ್ತದೆ. ಅರಿವು ಬರುವುದಿದ್ದರೆ ಆ ದಾರಿಯಲ್ಲೇ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ.

ಮನೆಯ ಹಿರಿಯರಿಗೂ ಒಂದು ಮಾತು. ಹುಡುಗಿ ಬೆಳಿಗ್ಗೆ ಎದ್ದು ಕನಸು ಹೇಳತೊಡಗಿದರೆ ‘ಹುಚ್ಚು ಹಿಡಿದಿದೆ’ ಎನ್ನಬೇಡಿ, ಹಾಗೆಂದು ಅದರಿಂದ ಭವಿಷ್ಯ ತೆಗೆಯಲೂ ಹೋಗಬೇಡಿ. ಚಹಾ ಕುಡಿಯುವಷ್ಟು ಹೊತ್ತು ಕೇಳಿಸಿಕೊಳ್ಳಿ. ಆದರೆ ಹಗಲಿನಲ್ಲಿಯೂ ಇದು ಕನಸೇ ಎಂದು ಅನ್ನಿಸುತ್ತಿದ್ದರೆ, ಎಚ್ಚರಿದ್ದಾಗ ದನಿಗಳು ಕೇಳುತ್ತಿದ್ದರೆ, ಕೆಟ್ಟ ಕನಸಿನಿಂದ ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಹಗಲು ಕೂತಲ್ಲೇ ತಡೆಯಲಾಗದ ನಿದ್ದೆ ಬಂದು ಬೀಳುತ್ತಿದ್ದರೆ ಅದು ಕಿವಿಮಾತಿನಿಂದ ಹೋಗುವಂಥದ್ದಲ್ಲ. ಅಂಥವರು ಕನಸಿನ ಈ ಅಭ್ಯಾಸಗಳಿಗೆ ಕೈ ಹಾಕಲೇಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ, ಇಲ್ಲವೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.